ಮುತ್ತು ಮತ್ತು ಕಾಯಿದೆ: ದೇವದಾಸಿ ಸಮರ್ಪಣೆಗೆ ಒಳಗಾದ ಮಹಿಳೆಯ ಕಾನೂನು ರಕ್ಷಣೆ – ಭೀಮಾ ತೀರವನ್ನು ಅನುಲಕ್ಷಿಸಿ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಮಣ್ಣೂರ ಭೀಮಾ ನದಿಯ ದಂಡೆಯ ಮೇಲಿರುವ ಗ್ರಾಮ. ಇಲ್ಲಿನ ಯಲ್ಲಮ್ಮನ ಗುಡಿ ನದಿಯ ಎರಡೂ ದಡಗಳ ಭಕ್ತರನ್ನು ಸೆಳೆಯುತ್ತ ಬಂದಿದೆ. ಹೊಳೆಯ ಆಚೆಗೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು, ಪಶ್ಚಿಮಕ್ಕೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾಗುವವರೆಗೆ ಈ ಎರಡು ದಡಗಳು ಎರಡು ಆಡಳಿತಗಳಿಗೆ ಸೇರಿದ್ದವು: ಅಫಜಲಪುರದ ಕಡೆಯ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ, ಇಂಡಿಯ ಕಡೆಯ ಸೀಮೆ ಮುಂಬಯಿ ಪ್ರಾಂತಕ್ಕೆ. ದೇವಿಯ ಹರಕೆ ಹೊಳೆ ದಾಟಿ ಹೋಗಿಬರುತ್ತಿತ್ತು. ಹರಕೆಯ ಹೆಸರಿನಲ್ಲಿ ಹೆಣ್ಣುಮಗುವನ್ನು ದೇವರಿಗೆ ಬಿಡಬಾರದೆಂಬ 1934ರ ಮುಂಬಯಿ ಕಾಯಿದೆ ಮಾತ್ರ ಹೊಳೆ ದಾಟುತ್ತಿರಲಿಲ್ಲ.

ಲಿಂಗಾಧಾರಿತ ಹಿಂಸೆಗೆ ಒಳಗಾದ ಮಹಿಳೆಯರಿಗೆ ಕಾನೂನು ನೀಡುವ ರಕ್ಷಣೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ವರದಕ್ಷಿಣೆ, ಅತ್ಯಾಚಾರ, ಕೌಟುಂಬಿಕ ದೌರ್ಜನ್ಯಗಳ ಸುತ್ತ ನಡೆಯುತ್ತದೆ. ಉತ್ತರ ಕರ್ನಾಟಕದ ಸಂದರ್ಭದಲ್ಲಿ ಈ ಚರ್ಚೆಗೆ ದೇವದಾಸಿ ಸಮರ್ಪಣೆಯನ್ನು ಸೇರಿಸದಿದ್ದರೆ ಅದು ಅಪೂರ್ಣವಾಗುತ್ತದೆ. ಕುಟುಂಬ, ಜಾತಿ, ಧರ್ಮ, ಬಡತನ ಈ ನಾಲ್ಕೂ ಕೂಡಿ ಒಂದು ಹೆಣ್ಣಿನ ಮೇಲೆ ನಡೆಸುವ ಹಿಂಸೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಈ ಹಿಂಸೆಯನ್ನು ಕಾನೂನು ಯಾವ ರೀತಿಯಲ್ಲಿ ಗುರುತಿಸಿದೆ, ಯಾರನ್ನು ಅಪರಾಧಿಯೆಂದು ಹೆಸರಿಸಿದೆ, ಯಾರನ್ನು ಹೆಸರಿಸದೆ ಬಿಟ್ಟಿದೆ, ಸಂತ್ರಸ್ತೆಗೂ ಆಕೆಯ ಮಕ್ಕಳಿಗೂ ಏನನ್ನು ಒದಗಿಸಿದೆ ಎಂಬುದರ ವಿವೇಚನೆ ಪ್ರಸ್ತುತ ಪ್ರಬಂಧದ ಉದ್ದೇಶ. ಯಲ್ಲಮ್ಮನ ಆರಾಧನೆ ಬೇರೆ, ಸಮರ್ಪಣೆಯ ಪದ್ಧತಿ ಬೇರೆ ಎಂಬ ವ್ಯತ್ಯಾಸವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಬೇಕು. ಇಲ್ಲಿ ಮಣ್ಣೂರನ್ನು ಉಲ್ಲೇಖಿಸಿರುವುದು ಕಾನೂನಿನ ಗಡಿಗಳನ್ನು ತೋರಿಸುವುದಕ್ಕೇ ಹೊರತು ಆ ಕ್ಷೇತ್ರದ ಯಾವುದೇ ಘಟನೆಯನ್ನು ವರದಿ ಮಾಡುವುದಕ್ಕಲ್ಲ.

ಸಮರ್ಪಣೆಯ ಸ್ವರೂಪ

ಉತ್ತರ ಕರ್ನಾಟಕದಲ್ಲಿ ಸಮರ್ಪಣೆಗೆ ‘ಮುತ್ತು ಕಟ್ಟುವುದು’ ಎಂಬ ಮಾತು ಬಳಕೆಯಲ್ಲಿದೆ. ಕೆಂಪು, ಬಿಳಿ ಮಣಿಗಳ ಸರವನ್ನು ಹುಡುಗಿಯ ಕೊರಳಿಗೆ ಕಟ್ಟಿದ ಬಳಿಕ ಆಕೆ ದೇವಿಗೆ ಸೇರಿದವಳೆಂದು ಭಾವಿಸಲಾಗುತ್ತದೆ. ಆಕೆಗೆ ಲೌಕಿಕ ವಿವಾಹ ನಿಷಿದ್ಧವಾಗುತ್ತದೆ. ಬಳ್ಳಾರಿಯ ಕಡೆ ಬಸವಿ, ಬೇರೆಡೆಗಳಲ್ಲಿ ಜೋಗತಿ, ಜೋಗಮ್ಮ ಎಂಬ ಹೆಸರುಗಳಿವೆ. ಇವುಗಳ ಆಚರಣೆ, ಸ್ಥಾನಮಾನಗಳಲ್ಲಿ ವ್ಯತ್ಯಾಸಗಳಿದ್ದರೂ ವಿವಾಹದ ಹಕ್ಕನ್ನು ಕಳೆದುಕೊಳ್ಳುವುದು ಬಹುಮಟ್ಟಿಗೆ ಸಮಾನವಾದ ಅಂಶ. ಜಗ ಹೊರುವುದು, ಪಡ್ಡಲಗಿ ಹಿಡಿದು ಜೋಗ ಬೇಡುವುದು, ಚೌಡಿಕೆಯ ಹಾಡು ಮುಂತಾದವು ಈ ಸಂಪ್ರದಾಯದ ಧಾರ್ಮಿಕ, ಸಾಂಸ್ಕೃತಿಕ ಮುಖಗಳಾಗಿದ್ದು, ಜಾನಪದ ಅಧ್ಯಯನಗಳಲ್ಲಿ ವಿಸ್ತೃತವಾಗಿ ದಾಖಲಾಗಿವೆ. ಕಾನೂನಿನ ದೃಷ್ಟಿಗೆ ಮುಖ್ಯವಾದದ್ದು ಇವುಗಳ ಹಿಂದಿರುವ ಇನ್ನೊಂದು ಮುಖ: ಋತುಮತಿಯಾದ ನಂತರ ಹುಡುಗಿ ಒಬ್ಬ ಪುರುಷನ ಅಥವಾ ಹಲವರ ಲೈಂಗಿಕ ಬಳಕೆಗೆ ಒಳಪಡುತ್ತಾಳೆ, ಆ ಪುರುಷನಿಗೆ ಪತಿಯ ಯಾವ ಹೊಣೆಯೂ ಇರುವುದಿಲ್ಲ, ಹುಟ್ಟುವ ಮಕ್ಕಳು ತಾಯಿಯ ಮಕ್ಕಳಾಗಿಯೇ ಉಳಿಯುತ್ತಾರೆ.

ಈ ಪದ್ಧತಿಗೆ ಒಳಗಾದವರಲ್ಲಿ ಬಹುಪಾಲು ಮಹಿಳೆಯರು ಪರಿಶಿಷ್ಟ ಜಾತಿಗಳಿಗೆ ಸೇರಿದವರು. ಕಲಬುರಗಿ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಗಳ ಪ್ರಮಾಣ 2011ರ ಜನಗಣತಿಯಂತೆ ಸುಮಾರು ಕಾಲು ಭಾಗ. ಭೂಮಿಯಿಲ್ಲದ ಕುಟುಂಬ, ಗಂಡುಮಕ್ಕಳಿಲ್ಲದ ಮನೆ, ಮಗುವಿನ ಕಾಯಿಲೆಗೆ ಹೊತ್ತ ಹರಕೆ, ತಲೆಯಲ್ಲಿ ಜಡೆಗಟ್ಟಿದ್ದು ದೇವಿಯ ಕರೆಯೆಂಬ ನಂಬಿಕೆ ಮೊದಲಾದವು ಸಮರ್ಪಣೆಗೆ ಹೇಳಲಾಗುವ ಕಾರಣಗಳು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ಗಂಡನ ಮನೆಗೆ ಹೋಗದೆ ತವರಿನಲ್ಲಿ ಉಳಿದು ವೃದ್ಧ ತಂದೆತಾಯಿಯರನ್ನು ಸಾಕುತ್ತಾಳೆ. ಹೀಗೆ ನಂಬಿಕೆಯೆಂದು ಕಾಣುವುದರ ಒಳಗೆ ಒಂದು ಕುಟುಂಬದ ಆರ್ಥಿಕ ಲೆಕ್ಕಾಚಾರವೂ ಇರುತ್ತದೆ. ಈ ಅಂಶವನ್ನು ಮರೆತರೆ ಮುಂದೆ ಚರ್ಚಿಸಲಿರುವ ಕಾನೂನಿನ ವೈಫಲ್ಯ ಅರ್ಥವಾಗುವುದಿಲ್ಲ.

ಶಾಸನದ ಹಾದಿ

ದೇವದಾಸಿ ಪದ್ಧತಿಯ ಮೇಲೆ ಸರ್ಕಾರದ ನಿಯಂತ್ರಣ ಮೊದಲು ಕಾಣಿಸಿಕೊಂಡದ್ದು ಮೈಸೂರು ಸಂಸ್ಥಾನದಲ್ಲಿ. 1909ರಲ್ಲಿ ಸಂಸ್ಥಾನದ ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ಕೊನೆಗಾಣಿಸುವ ಕ್ರಮ ಕೈಗೊಂಡಿತು. ಮದ್ರಾಸ್ ಪ್ರಾಂತದಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1927ರಲ್ಲಿ ವಿಧಾನ ಪರಿಷತ್ತಿನಲ್ಲಿ ಈ ಪ್ರಶ್ನೆಯನ್ನು ಎತ್ತಿದರು. ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ಬರುವುದಕ್ಕೆ 1947ರವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲೇ, 1934ರಲ್ಲಿ, ಮುಂಬಯಿ ಪ್ರಾಂತ ದೇವದಾಸಿ ಸಂರಕ್ಷಣಾ ಕಾಯಿದೆಯನ್ನು ಜಾರಿಗೆ ತಂದಿತ್ತು. ಇದರಿಂದ ಬೆಳಗಾವಿ, ವಿಜಯಪುರ, ಧಾರವಾಡ ಜಿಲ್ಲೆಗಳು ಮುಂಬಯಿ ಕಾಯಿದೆಯ ವ್ಯಾಪ್ತಿಗೂ, ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಮದ್ರಾಸ್ ಕಾಯಿದೆಯ ವ್ಯಾಪ್ತಿಗೂ ಒಳಪಟ್ಟವು. ಏಕೀಕರಣದ ನಂತರವೂ ಒಂದೇ ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಕಾನೂನಿನ ಸ್ಥಿತಿ ಮುಂದುವರಿಯಿತು.

ಇಡೀ ರಾಜ್ಯಕ್ಕೆ ಅನ್ವಯವಾಗುವ ಕಾಯಿದೆ ಬಂದದ್ದು ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಅಧಿನಿಯಮ, 1982ರ ಮೂಲಕ. ಅದು ಜಾರಿಗೆ ಬಂದದ್ದು 1984ರಲ್ಲಿ. ಭೀಮೆಯ ಎರಡೂ ದಡಗಳಿಗೆ ಒಂದೇ ನಿಷೇಧ ಕಾಯಿದೆ ಅನ್ವಯವಾದದ್ದು ಆಗ. ಎಂದರೆ ಮುಂಬಯಿ ಕಾಯಿದೆ ಬಂದ ಐವತ್ತು ವರ್ಷಗಳ ನಂತರ. ನೆರೆಯ ಮಹಾರಾಷ್ಟ್ರ ತನ್ನದೇ ಆದ ದೇವದಾಸಿ ಪದ್ಧತಿ ನಿರ್ಮೂಲನಾ ಅಧಿನಿಯಮವನ್ನು ರೂಪಿಸಿದ್ದು 2005ರಲ್ಲಿ.

1982ರ ಅಧಿನಿಯಮ: ಶಕ್ತಿ ಮತ್ತು ಮಿತಿ

ಈ ಅಧಿನಿಯಮದ ಮುಖ್ಯ ಅಂಶಗಳು ಮೂರು. ಮೊದಲನೆಯದು, ಮಹಿಳೆ ಒಪ್ಪಿರಲಿ ಒಪ್ಪದಿರಲಿ, ಆಕೆಯನ್ನು ದೇವದಾಸಿಯಾಗಿ ಸಮರ್ಪಿಸುವುದು ಕಾನೂನುಬಾಹಿರ. ಸಂಪ್ರದಾಯ ಅಥವಾ ರೂಢಿಯ ಆಧಾರದ ಮೇಲೆ ಅದನ್ನು ಸಮರ್ಥಿಸಿಕೊಳ್ಳುವಂತಿಲ್ಲ. ಎರಡನೆಯದು, ಸಮರ್ಪಣೆಯಾಗಿದೆ ಎಂಬ ಕಾರಣಕ್ಕೆ ಮಹಿಳೆ ವಿವಾಹವಾಗುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ಆಕೆ ಮಾಡಿಕೊಂಡ ವಿವಾಹ ಸಿಂಧುವಾಗಿರುತ್ತದೆ, ಆ ವಿವಾಹದಿಂದ ಹುಟ್ಟಿದ ಮಕ್ಕಳು ಔರಸರಾಗಿರುತ್ತಾರೆ. ಮೂರನೆಯದು ಶಿಕ್ಷೆ. ಸಮರ್ಪಣೆಯ ವಿಧಿಯನ್ನು ನಡೆಸುವ, ಅದಕ್ಕೆ ಅನುಮತಿ ನೀಡುವ, ಅದರಲ್ಲಿ ಭಾಗವಹಿಸುವ ಅಥವಾ ಅದಕ್ಕೆ ಪ್ರಚೋದಿಸುವ ವ್ಯಕ್ತಿಗೆ 3 ವರ್ಷಗಳವರೆಗಿನ ಕಾರಾಗೃಹವಾಸ ಮತ್ತು 2,000 ರೂಪಾಯಿಗಳವರೆಗಿನ ದಂಡ; ಆ ವ್ಯಕ್ತಿ ತಂದೆತಾಯಿ, ಪೋಷಕ ಅಥವಾ ಸಂಬಂಧಿಯಾಗಿದ್ದರೆ 2 ವರ್ಷಕ್ಕೆ ಕಡಿಮೆಯಿಲ್ಲದ, 5 ವರ್ಷಗಳವರೆಗಿನ ಕಾರಾಗೃಹವಾಸ ಮತ್ತು 2,000ದಿಂದ 5,000 ರೂಪಾಯಿಗಳವರೆಗಿನ ದಂಡ.

ಎರಡನೆಯ ಅಂಶದ ಮಹತ್ವವನ್ನು ಕಡಿಮೆಯೆಂದು ಎಣಿಸಲಾಗದು. ದೇವಿಗೆ ಬಿಟ್ಟವಳನ್ನು ಮದುವೆಯಾದರೆ ಮನೆತನಕ್ಕೆ ಕೇಡು ಎಂಬ ಭಯಕ್ಕೆ ಕಾನೂನು ಇಲ್ಲಿ ಎದುರು ಮಾತು ಹೇಳಿತು. ಮುತ್ತಿನ ಸರಕ್ಕೆ ಯಾವ ಕಾನೂನುಬದ್ಧ ಪರಿಣಾಮವೂ ಇಲ್ಲವೆಂದು ಸಾರಿತು. ಆದರೆ ಅಧಿನಿಯಮದ ರಚನೆಯಲ್ಲಿಯೇ ಒಂದು ಮೂಲಭೂತ ಮಿತಿ ಇತ್ತು. ಅದು ಸಮರ್ಪಣೆ ಎಂಬ ವಿಧಿಯನ್ನು ಅಪರಾಧವೆಂದು ಗುರುತಿಸಿತು. ವಿಧಿಯ ನಂತರ ಆರಂಭವಾಗಿ ಇಪ್ಪತ್ತು ಮೂವತ್ತು ವರ್ಷ ನಡೆಯುವ ಶೋಷಣೆಗೆ ಪ್ರತ್ಯೇಕ ಹೆಸರನ್ನು ಕೊಡಲಿಲ್ಲ. ವಿಧಿ ನಡೆಯುವುದು ಕೆಲವು ಗಳಿಗೆ, ಹಿಂಸೆ ನಡೆಯುವುದು ಒಂದು ಆಯುಷ್ಯ. ವಿಧಿಯನ್ನು ನಡೆಸಿದವರು, ನಡೆಸಿಕೊಟ್ಟವರು ಕಾನೂನಿನ ಮುಂದೆ ಅಪರಾಧಿಗಳಾದರು. ವಿಧಿಯಲ್ಲಿ ಭಾಗವಹಿಸದೆ ಅದರ ಫಲವನ್ನು ಮಾತ್ರ ಅನುಭವಿಸಿದ ಪುರುಷ ಈ ಅಧಿನಿಯಮದ ಕಣ್ಣಿಗೆ ಬೀಳಲೇ ಇಲ್ಲ.

ನಿಷೇಧದ ಮತ್ತೊಂದು ಪರಿಣಾಮವನ್ನು ಈ ಕ್ಷೇತ್ರದ ಅಧ್ಯಯನಗಳು ಒಮ್ಮತದಿಂದ ಗುರುತಿಸಿವೆ. ಸವದತ್ತಿಯಂತಹ ಕ್ಷೇತ್ರಗಳಲ್ಲಿ ಪೊಲೀಸರು, ಸ್ವಯಂಸೇವಾ ಸಂಸ್ಥೆಗಳು ನಿಗಾ ಇಟ್ಟ ಮೇಲೆ ಹುಣ್ಣಿಮೆಯ ಜಾತ್ರೆಗಳಲ್ಲಿ ಬಹಿರಂಗವಾಗಿ ನಡೆಯುತ್ತಿದ್ದ ಸಮರ್ಪಣೆ ಕಡಿಮೆಯಾಯಿತು. ಅದು ಮನೆಯೊಳಗೆ, ಹೊಲದ ಗುಡಿಗಳಲ್ಲಿ, ಗಡಿಯಾಚೆಯ ಊರುಗಳಲ್ಲಿ ಗುಟ್ಟಾಗಿ ನಡೆಯತೊಡಗಿತು. ಸಾಕ್ಷಿಗಳಿಲ್ಲದ ವಿಧಿಯನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸುವುದು ದುಸ್ಸಾಧ್ಯ.

ದೂರು ಕೊಡುವವರು ಯಾರು?

1982ರ ಅಧಿನಿಯಮದಡಿ ದಾಖಲಾದ ಪ್ರಕರಣಗಳು ವಿರಳವಾಗಿರುವುದಕ್ಕೆ ಪೊಲೀಸರ ನಿರ್ಲಕ್ಷ್ಯವೊಂದನ್ನೇ ಕಾರಣವಾಗಿ ಹೇಳುವುದು ರೂಢಿ. ಅದು ಅರ್ಧ ಸತ್ಯ. ಸಮರ್ಪಿತಳಾದ ಹುಡುಗಿ ದೂರು ಕೊಟ್ಟರೆ ಆರೋಪಿಗಳಾಗುವವರು ಆಕೆಯ ತಾಯಿ, ತಂದೆ, ಸೋದರಮಾವ, ಅಜ್ಜಿ. ಅವರಿಗೆ ಕನಿಷ್ಠ ಶಿಕ್ಷೆ 2 ವರ್ಷ. ಅನೇಕ ಸಂದರ್ಭಗಳಲ್ಲಿ ಆ ತಾಯಿಯೂ ಒಂದು ಕಾಲದಲ್ಲಿ ಮುತ್ತು ಕಟ್ಟಿಸಿಕೊಂಡವಳೇ ಆಗಿರುತ್ತಾಳೆ. ಎಂದರೆ ಕಾನೂನು ಒಬ್ಬ ಸಂತ್ರಸ್ತೆಗೆ ನ್ಯಾಯ ದೊರಕಿಸಲು ಮತ್ತೊಬ್ಬ ಸಂತ್ರಸ್ತೆಯನ್ನು ಸೆರೆಮನೆಗೆ ಕಳುಹಿಸಬೇಕಾಗುತ್ತದೆ. ತಾಯಿ ಸೆರೆಮನೆಗೆ ಹೋದರೆ ಮನೆಯಲ್ಲಿರುವ ತಂಗಿಯರನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಅಧಿನಿಯಮದಲ್ಲಿ ಉತ್ತರವಿರಲಿಲ್ಲ. ಈ ಇಕ್ಕಟ್ಟಿನಲ್ಲಿ ಹುಡುಗಿ ಮೌನವನ್ನು ಆಯ್ದುಕೊಂಡರೆ ಅದನ್ನು ಅಜ್ಞಾನವೆನ್ನಲಾಗದು.

ಇದರ ಜೊತೆಗೆ ಕಾಲಮಿತಿಯ ತೊಡಕೂ ಇದೆ. ದಂಡ ಪ್ರಕ್ರಿಯಾ ಸಂಹಿತೆ, 1973ರ 468ನೆಯ ಕಲಮಿನಂತೆ, ಒಂದು ವರ್ಷಕ್ಕೆ ಮೀರಿದ ಆದರೆ 3 ವರ್ಷಕ್ಕೆ ಮೀರದ ಶಿಕ್ಷೆಗೆ ಅರ್ಹವಾದ ಅಪರಾಧಗಳನ್ನು ನ್ಯಾಯಾಲಯ 3 ವರ್ಷಗಳೊಳಗೆ ವಿಚಾರಣೆಗೆ ಅಂಗೀಕರಿಸಬೇಕು. ವಿಧಿ ನಡೆಸಿಕೊಟ್ಟ ಪೂಜಾರಿ ಅಥವಾ ಹಿರಿಯ ಜೋಗತಿಗೆ ವಿಧಿಸಬಹುದಾದ ಗರಿಷ್ಠ ಶಿಕ್ಷೆ 3 ವರ್ಷವಾಗಿದ್ದರಿಂದ ಈ ಕಾಲಮಿತಿ ಅವರಿಗೆ ಅನ್ವಯಿಸುತ್ತಿತ್ತು. ಗರಿಷ್ಠ 5 ವರ್ಷ ಶಿಕ್ಷೆಗೆ ಗುರಿಯಾಗುವ ತಂದೆತಾಯಿಗೆ ಅನ್ವಯಿಸುತ್ತಿರಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ಸಮರ್ಪಿತಳಾದ ಹುಡುಗಿ ಹದಿನೆಂಟು ತುಂಬಿದ ಮೇಲೆ ಧೈರ್ಯ ಮಾಡಿ ದೂರು ಕೊಟ್ಟಳೆಂದರೆ ಪೂಜಾರಿಯ ಮೇಲಿನ ಆರೋಪ ಕಾಲಬಾಧಿತವಾಗಿ, ಹೆತ್ತವರ ಮೇಲಿನ ಆರೋಪ ಮಾತ್ರ ಉಳಿಯುತ್ತಿತ್ತು. ನ್ಯಾಯದ ಹಿತದೃಷ್ಟಿಯಿಂದ ವಿಳಂಬವನ್ನು ಮನ್ನಿಸುವ ಅಧಿಕಾರ 473ನೆಯ ಕಲಮಿನಡಿ ನ್ಯಾಯಾಲಯಕ್ಕೆ ಇತ್ತು. ಆದರೆ ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು, ಸಂತ್ರಸ್ತೆಯ ಹಕ್ಕಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಏರ್ಪಾಟನ್ನು 514 ಮತ್ತು 519ನೆಯ ಕಲಮುಗಳಲ್ಲಿ ಹಾಗೆಯೇ ಮುಂದುವರಿಸಿದೆ.

ಇತರ ಕಾಯಿದೆಗಳ ಆಸರೆ

ವಿಶೇಷ ಅಧಿನಿಯಮ ಮುಟ್ಟದ ಜಾಗಗಳನ್ನು ಇತರ ಕಾಯಿದೆಗಳು ಎಷ್ಟರಮಟ್ಟಿಗೆ ತಲುಪುತ್ತವೆ ಎಂಬುದನ್ನು ಪರಿಶೀಲಿಸುವುದು ಅಗತ್ಯ. ಅಪ್ರಾಪ್ತ ವಯಸ್ಸಿನ ಬಾಲಿಕೆಯನ್ನು ವೇಶ್ಯಾವೃತ್ತಿಗಾಗಿ ಮಾರುವುದು, ಕೊಳ್ಳುವುದು 1860ರ ಭಾರತ ದಂಡ ಸಂಹಿತೆಯ 372 ಮತ್ತು 373ನೆಯ ಕಲಮುಗಳಡಿ ಅಪರಾಧವಾಗಿತ್ತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 98 ಮತ್ತು 99ನೆಯ ಕಲಮುಗಳಾಗಿವೆ. 1956ರ ಅನೈತಿಕ ವ್ಯವಹಾರ ತಡೆ ಅಧಿನಿಯಮ ಹುಡುಗಿಯರನ್ನು ನಗರಗಳಿಗೆ ಸಾಗಿಸುವವರ ವಿರುದ್ಧ ಬಳಕೆಗೆ ಬರುತ್ತದೆ. ಬಾಲ್ಯವಿವಾಹ ನಿಷೇಧ ಅಧಿನಿಯಮ, 2006 ಮಾತ್ರ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ಪುರುಷ ಮತ್ತು ಸ್ತ್ರೀಯ ನಡುವಿನ ವಿವಾಹವನ್ನು ಕುರಿತದ್ದು, ದೇವಿಯ ಹೆಸರಿನಲ್ಲಿ ಕಟ್ಟುವ ಮುತ್ತು ಅದರ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಈ ದೃಷ್ಟಿಯಿಂದ ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಅಧಿನಿಯಮ, 2012 (ಪೋಕ್ಸೊ) ಒಂದು ಮಹತ್ತ್ವದ ತಿರುವು. ಅದರಡಿ ಹದಿನೆಂಟು ವರ್ಷದೊಳಗಿನ ಮಗುವಿನ ಒಪ್ಪಿಗೆಗೆ ಅರ್ಥವಿಲ್ಲ. ಮುತ್ತು ಕಟ್ಟಿದ್ದನ್ನು ರುಜುವಾತುಪಡಿಸುವ ಅಗತ್ಯವೂ ಇಲ್ಲ. ಮಗುವಿನ ಮೇಲೆ ಲೈಂಗಿಕ ಕೃತ್ಯ ನಡೆದಿದೆ ಎಂಬುದಷ್ಟೇ ಸಾಕು. ಅಪರಾಧದ ಸಂಗತಿ ತಿಳಿದೂ ವರದಿ ಮಾಡದಿರುವುದು ಈ ಅಧಿನಿಯಮದಂತೆ ಸ್ವತಃ ಅಪರಾಧ. 1982ರ ಅಧಿನಿಯಮಕ್ಕೆ ಕಾಣದಿದ್ದ ಪುರುಷ ಇಲ್ಲಿ ನೇರವಾಗಿ ಆರೋಪಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ಆದರೆ ಈ ರಕ್ಷಣೆ ಹುಡುಗಿಗೆ ಹದಿನೆಂಟು ತುಂಬುವ ಮೊದಲು ನಡೆದ ಕೃತ್ಯಗಳಿಗೆ ಸೀಮಿತ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಅಧಿನಿಯಮಕ್ಕೆ 2015ರಲ್ಲಿ ಆಗಿ, 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ ಇನ್ನೊಂದು ಮುಖ್ಯ ಘಟ್ಟ. ಪರಿಶಿಷ್ಟ ಜಾತಿ ಅಥವಾ ಪಂಗಡದ ಮಹಿಳೆಯನ್ನು ದೇವದಾಸಿಯಾಗಿ ಸಮರ್ಪಿಸುವುದು ಅಥವಾ ಅದಕ್ಕೆ ಪ್ರೋತ್ಸಾಹ ನೀಡುವುದನ್ನು 3(1)(ಕೆ) ಉಪಕಲಮಿನಡಿ ಪ್ರತ್ಯೇಕ ದೌರ್ಜನ್ಯವೆಂದು ಹೆಸರಿಸಲಾಯಿತು. ಶಿಕ್ಷೆ 6 ತಿಂಗಳಿಂದ 5 ವರ್ಷ. ಈ ಅಧಿನಿಯಮದಂತೆ ಆರೋಪಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದವನಾಗಿರಬೇಕು. ಹಾಗಾಗಿ ಹೆತ್ತವರು ಇದರ ವ್ಯಾಪ್ತಿಗೆ ಬರುವುದಿಲ್ಲ. ಸಮರ್ಪಣೆಗೆ ಒತ್ತಾಯಿಸಿದ ಊರ ಪ್ರಬಲರು, ಹಣ ಕೊಟ್ಟವರು ಬರುತ್ತಾರೆ. ಗರಿಷ್ಠ ಶಿಕ್ಷೆ 5 ವರ್ಷವಾದ್ದರಿಂದ ಮೇಲೆ ಹೇಳಿದ ಕಾಲಮಿತಿಯ ತೊಡಕೂ ಇಲ್ಲ. ಅಲ್ಲದೆ 15ಎ ಕಲಮಿನ ಮೂಲಕ ಸಂತ್ರಸ್ತೆಗೂ ಸಾಕ್ಷಿಗಳಿಗೂ ರಕ್ಷಣೆ ಪಡೆಯುವ, ವಿಚಾರಣೆಯ ಹಂತಗಳಲ್ಲಿ ತಮ್ಮ ಮಾತು ಹೇಳುವ ಹಕ್ಕುಗಳನ್ನು ನೀಡಲಾಗಿದೆ. 1982ರ ಅಧಿನಿಯಮ ಸೃಷ್ಟಿಸಿದ ಇಕ್ಕಟ್ಟಿಗೆ ಇದು ಬಹುಮಟ್ಟಿಗೆ ಪರಿಹಾರವಾಗಬಲ್ಲದು: ಮಗಳು ತಾಯಿಯನ್ನಲ್ಲದೆ ತಾಯಿಯ ಮೇಲೆ ಒತ್ತಡ ತಂದವರನ್ನು ಆರೋಪಿಯಾಗಿ ಹೆಸರಿಸಲು ಸಾಧ್ಯವಾಗುತ್ತದೆ.

ಪ್ರಾಪ್ತ ವಯಸ್ಕ ದೇವದಾಸಿಯ ಸ್ಥಿತಿ ಇದಕ್ಕಿಂತ ಕಠಿಣ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005 ವಿವಾಹಿತೆಗೆ ಮಾತ್ರವಲ್ಲದೆ ‘ವಿವಾಹ ಸ್ವರೂಪದ ಸಂಬಂಧ’ದಲ್ಲಿ ಇರುವ ಮಹಿಳೆಗೂ ರಕ್ಷಣೆ ನೀಡುತ್ತದೆ. ವರ್ಷಗಟ್ಟಲೆ ಒಬ್ಬನೇ ಪುರುಷನೊಡನೆ ಸಂಬಂಧ ಹೊಂದಿ, ಮಕ್ಕಳನ್ನು ಹೆತ್ತು, ಹೊಡೆತ ಬೈಗುಳ ಸಹಿಸಿದ ಮಹಿಳೆ ಇದರ ಆಶ್ರಯ ಪಡೆಯಬಹುದೆ? 2010ರ ಡಿ. ವೇಲುಸಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಪುರುಷ ಹಣಕೊಟ್ಟು ಪೋಷಿಸಿ ಮುಖ್ಯವಾಗಿ ಲೈಂಗಿಕ ಉದ್ದೇಶಕ್ಕೆ ಇಟ್ಟುಕೊಂಡ ಮಹಿಳೆಯ ಸಂಬಂಧ ವಿವಾಹ ಸ್ವರೂಪದ್ದಲ್ಲ ಎಂದು ಹೇಳಿತು. ಕರ್ನಾಟಕದಿಂದಲೇ ಹೋದ ಇಂದ್ರಾ ಶರ್ಮಾ ಪ್ರಕರಣದಲ್ಲಿ (2013) ಪುರುಷ ವಿವಾಹಿತನೆಂದು ತಿಳಿದೂ ಆತನೊಡನೆ ಬಾಳಿದ ಮಹಿಳೆಗೆ ಈ ಅಧಿನಿಯಮದ ರಕ್ಷಣೆ ದೊರೆಯದೆಂದು ತೀರ್ಮಾನಿಸಿತು. ಜೊತೆಗೆ, ಇಂತಹ ಮಹಿಳೆಯರು ಮತ್ತು ಅವರ ಮಕ್ಕಳ ಬಗ್ಗೆ ಸಂಸತ್ತು ಯೋಚಿಸಬೇಕೆಂದೂ ಸೂಚಿಸಿತು. ದೇವದಾಸಿಯೊಡನೆ ಸಂಬಂಧ ಹೊಂದಿದ ಪುರುಷ ಸಾಮಾನ್ಯವಾಗಿ ವಿವಾಹಿತ. ಆತ ವಿವಾಹಿತನೆಂಬುದು ಆಕೆಗೆ ತಿಳಿದಿರುತ್ತದೆ. ಆದರೆ ಆಕೆಗೆ ಬೇರೆ ಆಯ್ಕೆಯನ್ನು ಉಳಿಸದೆ ಇದ್ದದ್ದು ಬಾಲ್ಯದಲ್ಲಿ ಕಟ್ಟಿದ ಮುತ್ತು. ತಿಳಿವಳಿಕೆಯುಳ್ಳ ವಯಸ್ಕಳ ಆಯ್ಕೆಯನ್ನು ಆಧಾರವಾಗಿಟ್ಟುಕೊಂಡ ಈ ತರ್ಕ ದೇವದಾಸಿಯ ಸಂದರ್ಭಕ್ಕೆ ಒಗ್ಗುವುದಿಲ್ಲ.

ಮಕ್ಕಳ ಪ್ರಶ್ನೆ

ದೇವದಾಸಿಯರ ಮಕ್ಕಳು ಅನುಭವಿಸುವ ಅವಮಾನ ಶಾಲೆಯ ಅರ್ಜಿಯ ತಂದೆಯ ಹೆಸರಿನ ಅಂಕಣದಿಂದ ಆರಂಭವಾಗುತ್ತದೆ. ಕಾನೂನು ಅವರಿಗೆ ಏನನ್ನೂ ಕೊಟ್ಟಿಲ್ಲವೆಂದೇನೂ ಅಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಂ (ಈಗ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಂ) ಔರಸ, ಅನೌರಸ ಭೇದವಿಲ್ಲದೆ ತಂದೆಯಿಂದ ಜೀವನಾಂಶ ಪಡೆಯುವ ಹಕ್ಕನ್ನು ಮಗುವಿಗೆ ನೀಡುತ್ತದೆ. ಆದರೆ ಪಿತೃತ್ವವನ್ನು ರುಜುವಾತುಪಡಿಸುವ ಹೊರೆ ತಾಯಿಯದು. ಆಸ್ತಿಯ ವಿಷಯದಲ್ಲಿ ಹಿಂದೂ ಉತ್ತರಾಧಿಕಾರ ಅಧಿನಿಯಮ, 1956 ಅನೌರಸ ಮಕ್ಕಳನ್ನು ತಾಯಿಗೆ ಮತ್ತು ಪರಸ್ಪರರಿಗೆ ಸಂಬಂಧಿಗಳೆಂದು ಭಾವಿಸುತ್ತದೆ. ತಂದೆಯ ಆಸ್ತಿಯ ಕಡೆಗೆ ಬಾಗಿಲು ತೆರೆಯುವುದಿಲ್ಲ. ಹೊಲವಿಲ್ಲದ ತಾಯಿಯಿಂದ ಮಗ ಪಡೆಯುವುದೇನೂ ಇರುವುದಿಲ್ಲ. ಅದೇ ಊರಿನಲ್ಲಿ ಹೊಲವುಳ್ಳ ತಂದೆಯಿಂದ ಆತ ಕೇಳುವಂತಿರಲಿಲ್ಲ.

ಗೌರವ್ ಜೈನ್ ಪ್ರಕರಣದಲ್ಲಿ (1997) ಸರ್ವೋಚ್ಚ ನ್ಯಾಯಾಲಯ ವೇಶ್ಯಾವೃತ್ತಿಗೆ ತಳ್ಳಲ್ಪಟ್ಟ ಮಹಿಳೆಯರ ಮತ್ತು ಅವರ ಮಕ್ಕಳ ಪುನರ್ವಸತಿಗೆ ನಿರ್ದೇಶನಗಳನ್ನು ನೀಡುವಾಗ ದೇವದಾಸಿ ಪದ್ಧತಿಯನ್ನೂ ಗಮನಕ್ಕೆ ತೆಗೆದುಕೊಂಡಿತು. 2015ರಲ್ಲಿ ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಳಾಗಬಹುದೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಈ ಹಿನ್ನೆಲೆಯಲ್ಲಿ ದೇವದಾಸಿಯರ ಮಕ್ಕಳು, ಸಂಘಟನೆಗಳು ಮತ್ತು ಕಾನೂನು ತಜ್ಞರ ದೀರ್ಘ ಒತ್ತಾಯದ ಫಲವಾಗಿ ರಾಜ್ಯ ವಿಧಾನಮಂಡಲ 2025ರ ಆಗಸ್ಟ್‌ನಲ್ಲಿ ದೇವದಾಸಿ (ತಡೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ) ಮಸೂದೆಯನ್ನು ಅಂಗೀಕರಿಸಿತು. ಹೆಸರಿನಲ್ಲಿಯೇ ಬದಲಾವಣೆ ಎದ್ದು ಕಾಣುತ್ತದೆ: 1982ರಲ್ಲಿ ‘ನಿಷೇಧ’ವೊಂದೇ ಇದ್ದ ಕಡೆ ಈಗ ಪರಿಹಾರ, ಪುನರ್ವಸತಿಗಳು ಸೇರಿವೆ. ಮಗುವಿಗೆ ತನ್ನ ತಂದೆಯನ್ನು ಕಾನೂನಿನ ಮೂಲಕ ಗುರುತಿಸಿಕೊಳ್ಳುವ ಹಕ್ಕು, ತಂದೆಯ ಹೆಸರನ್ನು ಹೇಳುವಂತೆ ಯಾರೂ ಒತ್ತಾಯಿಸಬಾರದೆಂಬ ನಿಯಮ, ಜೀವನಾಂಶ ಮತ್ತು ವಾರಸಾ ಹಕ್ಕು ಇವು ಅದರ ತಿರುಳು. ಮೇಲ್ನೋಟಕ್ಕೆ ಮೊದಲ ಎರಡು ಪರಸ್ಪರ ವಿರುದ್ಧವೆನಿಸಬಹುದು. ವಾಸ್ತವವಾಗಿ ಎರಡರ ಆಶಯವೂ ಒಂದೇ: ತಂದೆಯ ಹೆಸರು ಮಗು ಬಯಸಿದಾಗ ಹಕ್ಕಾಗಬೇಕು, ಬಯಸದಿದ್ದಾಗ ಅವಮಾನದ ಸಾಧನವಾಗಬಾರದು. ನಾಲ್ಕು ದಶಕಗಳ ಕಾಲ ಕಾನೂನಿನ ಹೊರಗೆ ನಿಂತಿದ್ದ ಪುರುಷನನ್ನು ಇದು ಅಪರಾಧಿಯಾಗಿಯಲ್ಲದಿದ್ದರೂ ತಂದೆಯಾಗಿ ಕಾನೂನಿನ ಒಳಗೆ ಕರೆತರುತ್ತದೆ.

ಎಣಿಕೆ ಮತ್ತು ಪುನರ್ವಸತಿ

ರಾಜ್ಯ ಸರ್ಕಾರ 1993–94ರಲ್ಲಿ ನಡೆಸಿದ ಸಮೀಕ್ಷೆ 22,873 ದೇವದಾಸಿಯರನ್ನು ಗುರುತಿಸಿತು. 2007–08ರ ಸಮೀಕ್ಷೆಯಲ್ಲಿ ಇನ್ನೂ 23,787 ಮಂದಿ ಸೇರಿ ಒಟ್ಟು ಸಂಖ್ಯೆ 46,660 ಆಯಿತು. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಪುನರ್ವಸತಿ ಯೋಜನೆಗಳು, ಮಾಸಾಶನ, ವಸತಿ, ಸಾಲ ಸೌಲಭ್ಯಗಳು ಬಹುತೇಕ ಈ ಪಟ್ಟಿಗಳನ್ನು ಆಧರಿಸಿವೆ. ಸರ್ಕಾರೇತರ ವಲಯದಲ್ಲಿ 1985ರಲ್ಲಿ ಅಥಣಿಯಲ್ಲಿ ಆರಂಭವಾದ ವಿಮೋಚನಾ ಸಂಘ ದೇವದಾಸಿಯರ ಮಕ್ಕಳ ಶಿಕ್ಷಣಕ್ಕೆ ಗಮನ ಕೊಟ್ಟಿತು. ಘಟಪ್ರಭಾದಲ್ಲಿ 1997ರಲ್ಲಿ ರೂಪುಗೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಮಾಜಿ ದೇವದಾಸಿಯರೇ ಕಟ್ಟಿ ನಡೆಸಿದ ಸಂಘಟನೆಯಾಗಿ ಗಮನ ಸೆಳೆಯುತ್ತದೆ. ಸಮರ್ಪಣೆ ನಡೆಯುವ ಸುಳಿವು ದೊರೆತಾಗ ಆ ಮನೆಗೆ ಹೋಗಿ ತಾಯಿಯೊಡನೆ ಮಾತನಾಡಲು ಇವರಿಗಿರುವ ಅಧಿಕಾರ ಯಾವ ಅಧಿಕಾರಿಗೂ ಇರಲಾರದು. ಅದು ಅನುಭವದಿಂದ ಬಂದದ್ದು.

ಪಟ್ಟಿಯ ವಿಷಯದಲ್ಲಿ ಒಂದು ವಿರೋಧಾಭಾಸ ಗಮನಾರ್ಹ. 1984ರ ನಂತರ ಸಮರ್ಪಿತಳಾದ ಮಹಿಳೆ ಸಮೀಕ್ಷೆಯಲ್ಲಿ ಹೆಸರು ಬರೆಸುವುದೆಂದರೆ ತನ್ನ ಮನೆಯವರು ಅಪರಾಧವೆಸಗಿದ್ದಾರೆ ಎಂದು ಸರ್ಕಾರಿ ಕಾಗದದ ಮೇಲೆ ಹೇಳಿದಂತೆ. ಹೆಸರು ಬರೆಸದಿದ್ದರೆ ಮಾಸಾಶನವಿಲ್ಲ, ಮನೆಯಿಲ್ಲ. ಇತ್ತ ನಿಷೇಧ ಜಾರಿಯಾದ ಮೇಲೆ ಹೊಸ ದೇವದಾಸಿಯರೇ ಇಲ್ಲವೆಂದು ತೋರಿಸುವ ಒತ್ತಡ ಆಡಳಿತಕ್ಕೂ ಇರುತ್ತದೆ. ಹೀಗೆ ಕಿರಿಯ ವಯಸ್ಸಿನ ಸಂತ್ರಸ್ತೆ ಎರಡೂ ಕಡೆಯಿಂದ ಮರೆಯಾಗುತ್ತಾಳೆ. ಪರಿಹಾರ ಪಡೆಯಲು ಬರುವ ಮಹಿಳೆಯ ಹೇಳಿಕೆಯನ್ನು ಆಕೆಯ ಒಪ್ಪಿಗೆಯಿಲ್ಲದೆ ಹೆತ್ತವರ ವಿರುದ್ಧದ ಮೊಕದ್ದಮೆಗೆ ಬಳಸದಿರುವ ಭರವಸೆ ಸಿಗುವವರೆಗೆ ಯಾವ ಎಣಿಕೆಯೂ ಪೂರ್ಣವಾಗಲಾರದು. ಅಪ್ರಾಪ್ತ ವಯಸ್ಸಿನವರ ಪ್ರಕರಣಗಳಲ್ಲಿ ಮಾತ್ರ ವರದಿಯ ಹೊಣೆಯನ್ನು ಸಡಿಲಿಸುವಂತಿಲ್ಲ.

ತಾಲ್ಲೂಕು ಮಟ್ಟದಲ್ಲಿ ರಕ್ಷಣೆಯ ಬಾಗಿಲುಗಳು

ಕಾನೂನು ಗ್ರಂಥದಲ್ಲಿರುವ ರಕ್ಷಣೆ ಸಂತ್ರಸ್ತೆಯನ್ನು ತಲುಪುವ ಬಾಗಿಲುಗಳು ಕೆಲವು. ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ 12ನೆಯ ಕಲಮಿನಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿಯೇ ಅರ್ಜಿ ಸಲ್ಲಿಸಬಹುದು. ಜಿಲ್ಲಾ ಕೇಂದ್ರದ ‘ಸಖಿ’ ಒನ್ ಸ್ಟಾಪ್ ಕೇಂದ್ರದಲ್ಲಿ ವೈದ್ಯಕೀಯ, ಪೊಲೀಸ್, ಕಾನೂನು ನೆರವು ಮತ್ತು ತಾತ್ಕಾಲಿಕ ಆಶ್ರಯ ಒಂದೇ ಕಡೆ ದೊರೆಯುತ್ತವೆ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಅಪರಾಧಿ ಪತ್ತೆಯಾಗದಿದ್ದರೂ ಸಂತ್ರಸ್ತರ ಪರಿಹಾರ ಯೋಜನೆಯಡಿ ಪರಿಹಾರ ಕೋರಬಹುದು. ಅಂಗನವಾಡಿ ಕಾರ್ಯಕರ್ತೆ ಮತ್ತು ಶಾಲೆಯ ಶಿಕ್ಷಕಿಯ ಪಾತ್ರ ಇವೆಲ್ಲಕ್ಕಿಂತ ಮೊದಲಿನದು. ಹುಣ್ಣಿಮೆಯ ಆಸುಪಾಸಿನಲ್ಲಿ ತರಗತಿಗೆ ಬಾರದಿರುವ ಹುಡುಗಿಯನ್ನು ಮೊದಲು ಗಮನಿಸುವವರು ಅವರೇ.

ಗಡಿಭಾಗದ ದೃಷ್ಟಿಯಿಂದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ವಿಶೇಷವಾಗಿ ಉಲ್ಲೇಖನೀಯ. ಅಪರಾಧ ಯಾವ ಪ್ರದೇಶದಲ್ಲಿಯೇ ನಡೆದಿರಲಿ, ಅದರ ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ನೀಡಬಹುದು. ಮೊದಲು ‘ಶೂನ್ಯ ಎಫ್‌ಐಆರ್’ ಎಂಬ ಹೆಸರಿನಲ್ಲಿ ರೂಢಿಯಲ್ಲಿದ್ದ ಈ ಕ್ರಮ 2024ರಿಂದ ಶಾಸನದ ಭಾಗವಾಗಿದೆ. ವಿಧಿ ನಡೆದದ್ದು ಹೊಳೆಯಾಚೆ, ನಮ್ಮ ಸರಹದ್ದಲ್ಲ ಎಂದು ಹುಡುಗಿಯನ್ನು ಠಾಣೆಯ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲು ಇನ್ನು ಕಾನೂನಿನ ಆಧಾರವಿಲ್ಲ. ಪೋಕ್ಸೊ, ದೌರ್ಜನ್ಯ ತಡೆ ಅಧಿನಿಯಮಗಳು ಕೇಂದ್ರದ ಕಾಯಿದೆಗಳಾದ್ದರಿಂದ ಅಫಜಲಪುರಕ್ಕೂ ಅಕ್ಕಲಕೋಟೆಗೂ ಸಮಾನವಾಗಿ ಅನ್ವಯಿಸುತ್ತವೆ.

ಉಪಸಂಹಾರ

ಒಟ್ಟಾರೆಯಾಗಿ, ದೇವದಾಸಿ ಸಮರ್ಪಣೆಯನ್ನು ಕುರಿತ ಕಾನೂನು ಮೂರು ಹಂತಗಳಲ್ಲಿ ಬೆಳೆದಿದೆ. ಮೊದಲ ಹಂತದಲ್ಲಿ ಅದು ವಿಧಿಯನ್ನು ನಿಷೇಧಿಸಿತು. ಎರಡನೆಯ ಹಂತದಲ್ಲಿ, 2012 ಮತ್ತು 2015ರ ಕೇಂದ್ರ ಕಾಯಿದೆಗಳ ಮೂಲಕ, ಮಗುವಿನ ದೇಹದ ಮೇಲಿನ ಹಿಂಸೆಯನ್ನೂ ಜಾತಿಯ ಒತ್ತಡವನ್ನೂ ಅಪರಾಧವೆಂದು ಹೆಸರಿಸಿತು. 2025ರಲ್ಲಿ ಆರಂಭವಾದ ಮೂರನೆಯ ಹಂತದಲ್ಲಿ ತಂದೆಯ ಹೊಣೆಯನ್ನೂ ಪುನರ್ವಸತಿಯನ್ನೂ ಕಾನೂನಿನ ಭಾಷೆಗೆ ತಂದಿತು. ವಯಸ್ಕ ದೇವದಾಸಿಗೆ ಕೌಟುಂಬಿಕ ದೌರ್ಜನ್ಯದ ವಿರುದ್ಧ ದೊರೆಯಬೇಕಾದ ರಕ್ಷಣೆ ಮಾತ್ರ ಈ ಮೂರೂ ಹಂತಗಳ ನಂತರವೂ ಅಪೂರ್ಣವಾಗಿಯೇ ಉಳಿದಿದೆ.

ಕಾನೂನಿನ ಯಶಸ್ಸನ್ನು ಸೆರೆಮನೆ ಸೇರಿದ ತಾಯಂದಿರ ಸಂಖ್ಯೆಯಿಂದ ಅಳೆಯುವುದು ಸಲ್ಲದು. ಹೆತ್ತವರನ್ನು ಕಳೆದುಕೊಳ್ಳುವ ಭಯವಿಲ್ಲದೆ ಹುಡುಗಿಯೊಬ್ಬಳು ತನಗೆ ನಡೆದುದನ್ನು ಠಾಣೆಯಲ್ಲಿ, ಶಾಲೆಯಲ್ಲಿ, ಅಂಗನವಾಡಿಯಲ್ಲಿ ಹೇಳಿಕೊಳ್ಳಬಲ್ಲಳೇ ಎಂಬುದೇ ಸರಿಯಾದ ಅಳತೆ. ಭೀಮೆಯ ಎರಡೂ ದಡಗಳಲ್ಲಿ ಆ ಮಾತು ಒಂದೇ ರೀತಿಯಲ್ಲಿ ಕೇಳಿಸಿಕೊಳ್ಳಲ್ಪಡುವ ದಿನ 1934ರಲ್ಲಿ ಆರಂಭವಾದ ಶಾಸನದ ಕೆಲಸ ಒಂದು ನೆಲೆಗೆ ಬಂದಿತೆಂದು ಹೇಳಬಹುದು.